ತಿರುಗಿ ಹೇಳುವ ಸರದಿ

(ದಾವಣಗೆರೆಯಲ್ಲಿ ಹವ್ಯಾಸಿ ಕಲಾವಿದರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ತಮಾಷೆ ಎಲ್ಲಿಗೆ ಮುಗಿಯಿತು, ಅವಮಾನ ಎಲ್ಲಿಂದ ಶುರುವಾಯಿತು? ಹೀಗೆ ಕೇಳಿದ ಕೂಡಲೇ ನಮ್ಮಲ್ಲಿ ಎರಡು ಉತ್ತರ ಸಿದ್ಧವಾಗಿರುತ್ತವೆ. "ಯಾರ ಮನಸ್ಸಿಗೂ ನೋವಾಗದ ಹಾಗೆ ನಗಿಸಬೇಕು" ಅನ್ನುವವರು ಕೆಲವರು. "ತಮಾಷೆನ ತಮಾಷೆಯಾಗೇ ತಗೋಬೇಕು, ಅದಕ್ಕೆಲ್ಲ ಬೇಜಾರು ಮಾಡ್ಕೋಬಾರದು" ಅನ್ನುವವರು ಇನ್ನು ಕೆಲವರು. ಎರಡೂ ನನಗೆ ಒಪ್ಪಿಗೆಯಿಲ್ಲ.

ಮೊದಲನೆಯದನ್ನು ನೋಡಿ. ಮಾಸ್ಟರ್ ಹಿರಣ್ಣಯ್ಯ 'ಲಂಚಾವತಾರ'ವನ್ನು ದಶಕಗಳ ಕಾಲ ಕರ್ನಾಟಕದ ಉದ್ದಗಲಕ್ಕೂ ಆಡಿದರು. ಅಧಿಕಾರಿ, ಮಂತ್ರಿ ಯಾರನ್ನೂ ಬಿಡಲಿಲ್ಲ. ಅದನ್ನು ನೋಡಿದ ಲಂಚಕೋರನಿಗೆ ನೋವಾಗಿರುವುದಿಲ್ಲವೇ? ಆಗಿಯೇ ಇರುತ್ತದೆ. ಆಗಲೇಬೇಕಿತ್ತು. ನೋವನ್ನೇ ಅಳತೆಗೋಲು ಮಾಡಿಕೊಂಡರೆ ಆ ನಾಟಕವನ್ನು ಮೊದಲ ಪ್ರದರ್ಶನದ ದಿನವೇ ನಿಲ್ಲಿಸಬೇಕಾಗಿತ್ತು.

ಎರಡನೆಯದು ಇನ್ನೂ ಸುಲಭ. "ತಮಾಷೆಗೆ ಹೇಳಿದೆ ಕಣೋ" ಅನ್ನುವ ಮಾತು ಯಾರ ಬಾಯಿಂದ ಬರುತ್ತದೆ, ಗಮನಿಸಿ. ಹೇಳಿದವನ ಬಾಯಿಂದ. ಹೇಳಿಸಿಕೊಂಡವನು "ಅದು ತಮಾಷೆ" ಅಂತ ತಾನಾಗಿ ಹೇಳಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ಹಾಗಾದರೆ ಗೆರೆ ಎಲ್ಲಿ? ಇದಕ್ಕೆ ನಮ್ಮ ಅಜ್ಜಿಯರ ಹತ್ತಿರ ಒಂದು ಲೆಕ್ಕ ಇತ್ತು. ಬೀಗರ ಹಾಡು ನಿಮಗೆ ಗೊತ್ತಲ್ವಾ? ಈಗಿನ ಕಲ್ಯಾಣ ಮಂಟಪಗಳಲ್ಲಿ ಆರ್ಕೆಸ್ಟ್ರಾ ಬಂದು ಅದು ಕಡಿಮೆಯಾಗಿದೆ. ಆದರೆ ಹಳ್ಳಿಯ ಮದುವೆ ನೋಡಿದವರಿಗೆ ನೆನಪಿರುತ್ತದೆ. ಹೆಣ್ಣಿನ ಕಡೆಯ ಹೆಂಗಸರು ಬೀಗಿತ್ತಿಯನ್ನು ಹಿಡಿದು ಹಂಗಿಸುತ್ತಾರೆ. ಬೀಗಿತ್ತಿ ಹೊಟ್ಟೆಬಾಕಿ, ಬೀಗಿತ್ತಿ ಉಟ್ಟದ್ದು ಸಾಲದ ಸೀರೆ, ಬೀಗರು ದಾರಿ ತಪ್ಪಿ ಊಟದ ವಾಸನೆ ಹಿಡಿದು ಬಂದವರು. ಇದನ್ನೇ ಬೇರೆ ದಿನ ಬೀದಿಯಲ್ಲಿ ನಿಂತು ಅಂದರೆ ಎರಡು ಮನೆಗಳ ನಡುವೆ ಮಾತು ಬಿಟ್ಟು ಹೋಗುತ್ತದೆ. ಮದುವೆ ಚಪ್ಪರದಲ್ಲಿ ಮಾತ್ರ ಎಲ್ಲರೂ ನಗುತ್ತಾರೆ, ಬೀಗಿತ್ತಿಯೂ ನಗುತ್ತಾಳೆ. ಯಾಕೆ? ಇವರು ಮುಗಿಸಿದ ಮೇಲೆ ಅವಳ ಕಡೆಯವರು ಶುರು ಮಾಡುತ್ತಾರೆ. ಸರದಿ ಇದೆ. ಇವತ್ತು ಅವಳ ಬಾಯಿ ಕಟ್ಟಿ ಯಾರೂ ಹಾಡುತ್ತಿಲ್ಲ.

ಚನ್ನಗಿರಿ ತಾಲ್ಲೂಕಿನ ಒಂದು ಮದುವೆಯಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಹೆಣ್ಣಿನ ಕಡೆ ಐದಾರು ಜನ ಹೆಂಗಸರು ಕಂಬಳಿ ಹಾಸಿಕೊಂಡು ಕೂತಿದ್ದರು. ನಡುವೆ ನಮ್ಮ ಸೋದರತ್ತೆ, ಮಡಿಲಲ್ಲಿ ಎಲೆ ಅಡಿಕೆಯ ಚೀಲ. ಅವರು ಹೇಳಿಕೊಡುವವರು, ಉಳಿದವರು ಹಿಂದಿನಿಂದ ಎತ್ತಿಕೊಳ್ಳುವವರು. ಹುರುಪಿನಲ್ಲಿದ್ದ ಒಬ್ಬ ಹುಡುಗಿ ತಾನೇ ಒಂದು ನುಡಿ ಕಟ್ಟಿ ಎತ್ತಿದಳು. ಬೀಗರ ಮನೆಯ ನಾದಿನಿ ಮದುವೆಯಾಗಿ ಎಂಟು ವರ್ಷ, ತೊಟ್ಟಿಲು ತೂಗಿಲ್ಲ ಅನ್ನುವ ಕಡೆಗೆ ಆ ನುಡಿ ಹೋಗುತ್ತಿತ್ತು. ಅರ್ಧ ಸಾಲು ಬಂದಿತ್ತು ಅಷ್ಟೇ. ಸೋದರತ್ತೆ ಹುಡುಗಿಯ ಮೊಣಕಾಲಿನ ಮೇಲೆ ಕೈ ಒತ್ತಿ ಹಿಡಿದು, ಅದೇ ಧಾಟಿಯಲ್ಲಿ, ಒಂದು ತಾಳವೂ ತಪ್ಪದ ಹಾಗೆ ಸಾಲನ್ನು ಬೀಗನ ಬೊಜ್ಜಿನ ಕಡೆ ತಿರುಗಿಸಿಬಿಟ್ಟರು. ಎದುರಿನವರಿಗೆ ಗೊತ್ತೂ ಆಗಲಿಲ್ಲ. ಬೀಗ ಹೊಟ್ಟೆ ಸವರಿಕೊಂಡು ಎಲ್ಲರಿಗಿಂತ ಜಾಸ್ತಿ ನಕ್ಕ.

ಬೊಜ್ಜಿನ ಮಾತಿಗೆ ಬೀಗ ಉತ್ತರ ಕೊಡಬಲ್ಲ. "ನಿಮ್ಮ ಮನೆ ಹೋಳಿಗೆಯಿಂದ ಬಂದಿದ್ದು" ಅನ್ನಬಲ್ಲ. ಮಕ್ಕಳಿಲ್ಲದ ಆ ಹೆಣ್ಣು ಮಗಳು ಏನಂತ ಹಾಡಬೇಕು? ಅವಳ ಸರದಿ ಬಂದರೂ ಅವಳ ಹತ್ತಿರ ಹಾಡಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಸೋದರತ್ತೆಗೆ ಇದು ಅರ್ಧ ಸಾಲಿನಲ್ಲಿ ಹೊಳೆಯಿತು.

ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಗೆರೆ ಇರುವುದು ಪದದಲ್ಲಿ ಅಲ್ಲ, ವಿಷಯದಲ್ಲೂ ಅಲ್ಲ. ನಾವು ಯಾರನ್ನು ಹಿಡಿದು ನಗಿಸುತ್ತಿದ್ದೇವೋ ಅವರಿಗೆ ಅದೇ ಜಾಗದಲ್ಲಿ, ಅದೇ ಜನರ ಎದುರು ತಿರುಗಿ ಹೇಳುವ ಸರದಿ ಇದೆಯಾ? ಇದ್ದರೆ ಎಷ್ಟು ಖಾರವಾದರೂ ಇರಲಿ. ಇಲ್ಲದಿದ್ದರೆ ಎಷ್ಟು ನಯವಾಗಿ ಹೇಳಿದರೂ ಅದು ಅವಮಾನವೇ.

ನಮ್ಮ ಬಯಲಾಟದ ಸಾರಥಿಯನ್ನು ನೆನಪು ಮಾಡಿಕೊಳ್ಳಿ. ರಾಜ ಕಿರೀಟ ಭುಜಕೀರ್ತಿ ಹೊತ್ತು ಕುಣಿದು ಬರುತ್ತಾನೆ. ಸಾರಥಿ ಹಳ್ಳಿ ಮಾತಿನಲ್ಲಿ "ತಾವು ಯಾರು, ಯಾವ ಊರು" ಅಂತ ವಿಚಾರಿಸಿ ಅವನ ಜಂಬವನ್ನೆಲ್ಲ ಇಳಿಸುತ್ತಾನೆ. ರಾಜನ ಕೈಯಲ್ಲಿ ಕತ್ತಿ ಇದೆ, ಸಾರಥಿಯ ಕೈಯಲ್ಲಿ ಏನೂ ಇಲ್ಲ. ಆದರೂ ಮಾತು ಆ ಕಡೆ ಈ ಕಡೆ ಓಡಾಡುತ್ತಲೇ ಇರುತ್ತದೆ. ದೇವರನ್ನು ಕಿಚಾಯಿಸುವುದೂ ನಮಗೆ ಹೊಸದಲ್ಲ. ಕೃಷ್ಣ, ನಾರದ, ಯಮಧರ್ಮ ಎಲ್ಲರೂ ನಮ್ಮ ರಂಗದ ಮೇಲೆ ಪೇಚಿಗೆ ಸಿಕ್ಕಿಕೊಂಡವರೇ. ಅವರು ನಮ್ಮವರು ಅನ್ನುವ ಸಲಿಗೆ ಅಲ್ಲಿದೆ. ಆದರೆ ಇನ್ನೊಬ್ಬರ ದೇವರನ್ನು, ಅವರಲ್ಲಿ ಒಬ್ಬರೂ ಇಲ್ಲದ ಸಭೆಯಲ್ಲಿ ಹಿಡಿದು ನಗುವುದು ಬೇರೆ. ಅಲ್ಲಿ ಸಲಿಗೆಯೂ ಇಲ್ಲ, ಸರದಿಯೂ ಇಲ್ಲ.

"ಬಲಶಾಲಿಗಳನ್ನು ಗೇಲಿ ಮಾಡಿ, ದುರ್ಬಲರನ್ನು ಬಿಡಿ ಅಂದರೆ ಮುಗಿಯಿತಲ್ಲ ಸರ್" ಅಂತ ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು. ಬಹುಪಾಲು ಅದು ಸರಿ. ಆದರೆ ಅದೊಂದೇ ಸಾಲದು. ಬ್ಯಾಂಕಿನ ಮ್ಯಾನೇಜರ್ ಮೇಡಂ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಾಲ ಕೊಡುವ ಅಧಿಕಾರಿ. ಅವರೇ ರಾತ್ರಿ ಒಂಬತ್ತಕ್ಕೆ ಆಟೋ ಕಾಯುತ್ತಾ ನಿಂತಾಗ ಬೈಕಿನ ಹುಡುಗರು ಏನೋ ಕೂಗಿಕೊಂಡು ಹೋಗುತ್ತಾರೆ. ಅವರು ಬಲಶಾಲಿಯೋ ದುರ್ಬಲರೋ? ಕೇಳಬೇಕಾದದ್ದು ಅದಲ್ಲ. ಆ ಕ್ಷಣದಲ್ಲಿ ಅವರಿಗೆ ಬಾಯಿ ಇದೆಯಾ ಅನ್ನುವುದು.

ಈಗ ನಮ್ಮ ಊರಿನ ಹೆಮ್ಮೆಗೆ ಬರೋಣ. ವೃತ್ತಿ ರಂಗಭೂಮಿಯ ಮಾತು ಬಂದರೆ ದಾವಣಗೆರೆಯನ್ನು ಬಿಟ್ಟು ಮಾತಾಡುವ ಹಾಗಿಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಅವರ ಮಗಳು ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದಾಗ ಕಂಪನಿ ಟೆಂಟಿಗೆ ಹೋಗಿ ಕೂತು ಬಂದವರು ಈ ಸಭೆಯಲ್ಲೂ ಇದ್ದೀರಿ. ಅಲ್ಲಿ ಹಾಸ್ಯ ಪಾತ್ರಧಾರಿಯೇ ಕಂಪನಿಯ ಜೀವಾಳ. ಕಥೆ ಮರೆತರೂ ಅವನ ಮಾತು ಮರೆಯುವುದಿಲ್ಲ.

ಕಂಪನಿ ಒಂದು ಊರಿಗೆ ಬಂದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿತ್ತು. ರಾತ್ರಿ ಯಾರನ್ನು ಆಡಿಕೊಂಡನೋ ಆ ಮನುಷ್ಯನ ಎದುರೇ ಬೆಳಿಗ್ಗೆ ಹೋಟೆಲಿನಲ್ಲಿ ಕೂತು ಚಹಾ ಕುಡಿಯಬೇಕು. ಅವನ ಅಂಗಡಿಯಲ್ಲೇ ದಿನಸಿ ತರಬೇಕು. ಟೆಂಟಿನಲ್ಲಿ ಜನ ಸುಮ್ಮನೆ ಕೂರುವವರೂ ಅಲ್ಲ. ಇಷ್ಟವಾದರೆ ಒನ್ಸ್ ಮೋರ್, ಇಲ್ಲದಿದ್ದರೆ ಕೂಗು, ಶಿಳ್ಳೆ. ಮಾಲೀಕರು ಸೈಡ್ ವಿಂಗಿನಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಾತು ಆಡಿದವನು ಆ ಮಾತಿನ ಜೊತೆಗೇ ಆ ಊರಲ್ಲಿ ಇರಬೇಕಿತ್ತು. ಅದೇ ಅವನಿಗೆ ಲಗಾಮು.

ಹಾಗಂತ ಕಂಪನಿ ಹಾಸ್ಯವೆಲ್ಲ ಬಂಗಾರ ಅಂತ ನಾನು ಹೇಳುವುದಿಲ್ಲ. ಟಿ.ವಿ. ಬಂದು ಕಲೆಕ್ಷನ್ ಇಳಿದಾಗ ಡಬಲ್ ಮೀನಿಂಗ್ ಜಾಸ್ತಿಯಾಯಿತು. ಸ್ಟೇಜಿನ ಮೇಲಿದ್ದ ಹೆಣ್ಣು ಮಗಳು ಬಾಯಿ ಬಿಡದೆ ನಿಂತುಕೊಳ್ಳಬೇಕು, ಅವಳ ಸುತ್ತ ಇಬ್ಬರು ಗಂಡಸರು ಮಾತು ಹೊಸೆಯುತ್ತಾರೆ. ಅವಳಿಗೆ ಬರೆದ ಡೈಲಾಗೇ "ಛೀ, ಹೋಗಿ" ಅಂತ ಅಷ್ಟೇ. ಈ ಸೀನಿನಲ್ಲಿ ಸರದಿ ಎಲ್ಲಿದೆ? ಹೆಂಗಸರು ಮಕ್ಕಳನ್ನು ಕರೆದುಕೊಂಡು ನಾಟಕಕ್ಕೆ ಹೋಗುವುದನ್ನು ಎಷ್ಟೋ ಮನೆಗಳು ಬಿಟ್ಟವು. ಅದರಿಂದ ಪೆಟ್ಟು ತಿಂದದ್ದೂ ಕಂಪನಿಗಳೇ.

ನಗೆಹಬ್ಬ, ಹಾಸ್ಯೋತ್ಸವಗಳಲ್ಲಿ ಹೆಂಡತಿ ಜೋಕುಗಳಿಗೆ ಬರವಿಲ್ಲ. ಹೆಂಡತಿ ಬಾಯಿಬಡುಕಿ, ಹೆಂಡತಿ ಸೀರೆ ಹುಚ್ಚಿ, ಹೆಂಡತಿ ತವರಿಗೆ ಹೋದರೆ ಗಂಡನಿಗೆ ಹಬ್ಬ. ಸಭೆಯಲ್ಲಿ ಕೂತ ಹೆಂಗಸರೂ ನಗುತ್ತಾರಲ್ಲ ಅಂತ ವಾದ ಮಾಡುವವರಿದ್ದಾರೆ. ನಗದೆ ಕೂತರೆ ಪಕ್ಕದಲ್ಲಿರುವ ಗಂಡ "ಯಾಕೆ, ನಿನಗೇ ಹೇಳಿದ ಹಾಗಾಯ್ತಾ?" ಅಂತ ಕೇಳುತ್ತಾನೆ. ನಗುವುದೇ ಸುಲಭ.

ಇಂಥ ಜೋಕಿನಿಂದ ಏನಾಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮನಃಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಅವರ ಸಂಗಡಿಗರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡಸರ ಒಂದು ಗುಂಪಿಗೆ ಹೆಂಗಸರನ್ನು ಕೀಳು ಮಾಡುವ ಜೋಕು ಕೊಟ್ಟರು. ಇನ್ನೊಂದು ಗುಂಪಿಗೆ ಅದೇ ಧೋರಣೆಯ, ಆದರೆ ಜೋಕಲ್ಲದ ಮಾತು ಕೊಟ್ಟರು. ಮತ್ತೊಂದು ಗುಂಪಿಗೆ ಯಾರನ್ನೂ ಹಂಗಿಸದ ಜೋಕು. ಆಮೇಲೆ ಒಂದು ಮಹಿಳಾ ಸಂಸ್ಥೆಗೆ ಎಷ್ಟು ದುಡ್ಡು ಕೊಡುತ್ತೀರಿ ಅಂತ ಕೇಳಿದರು. ಮೊದಲೇ ಹೆಂಗಸರ ಬಗ್ಗೆ ಅಸಹನೆ ಇದ್ದ ಗಂಡಸರು, ಆ ಕೀಳು ಜೋಕು ಓದಿದಾಗ ಮಾತ್ರ ಕಡಿಮೆ ಕೊಡಲು ಮುಂದಾದರು. ಗಂಭೀರವಾಗಿ ಅದೇ ಮಾತು ಹೇಳಿದಾಗ ಹಾಗಾಗಲಿಲ್ಲ. ಅಸಹನೆ ಇಲ್ಲದವರ ಮೇಲೆ ಜೋಕು ಆ ಪರಿಣಾಮ ಮಾಡಲಿಲ್ಲ. ಅಂದರೆ ಜೋಕು ದ್ವೇಷವನ್ನು ಹೊಸದಾಗಿ ಹುಟ್ಟಿಸಲಿಲ್ಲ, ಒಳಗೆ ಇದ್ದದ್ದಕ್ಕೆ "ಪರವಾಗಿಲ್ಲ, ಹೊರಗೆ ಬಾ" ಅಂತ ಬಾಗಿಲು ತೆಗೆದುಕೊಟ್ಟಿತು. ಜಾತಿಯ ಹೆಸರು ಹಿಡಿದು ಆಡುವ ತಮಾಷೆಯೂ ಹೀಗೆಯೇ ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ.

ಇಲ್ಲಿ ಒಂದು ಸಣ್ಣ ಅಡ್ಡದಾರಿ. ತಮ್ಮ ಹೆಸರನ್ನು ಬೀchi ಅಂತ ಅರ್ಧ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಹಾಸ್ಯ ಸಾಹಿತಿ ಬೀಚಿಯವರು ಹರಪನಹಳ್ಳಿಯವರು. ಆ ತಾಲ್ಲೂಕು 1997ರಿಂದ ಎರಡು ದಶಕ ನಮ್ಮ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರಕ್ಕೆ ಸೇರಿದೆ. ಜಿಲ್ಲೆ ಬದಲಾದರೇನು, ಬೀಚಿ ನಮ್ಮವರು ಅನ್ನುವುದನ್ನು ಬಿಡುವುದಿಲ್ಲ. ಅವರ ಬರಹಗಳ ತಿಮ್ಮ ಎಲ್ಲರನ್ನೂ ಪೇಚಿಗೆ ಸಿಕ್ಕಿಸುತ್ತಾನೆ, ತಾನೂ ಸಿಕ್ಕಿಕೊಳ್ಳುತ್ತಾನೆ. ನಗಿಸುವವನು ತಾನು ಮಾತ್ರ ಎತ್ತರದ ಕಟ್ಟೆಯ ಮೇಲೆ ಕೂತಿರುವುದಿಲ್ಲ. ನೀವು ಸ್ಕಿಟ್ ಬರೆಯುವಾಗ ಅವರನ್ನು ಓದಿಕೊಳ್ಳಿ.

ಸರಿ, ಸ್ಕಿಟ್ ಅಂದಮೇಲೆ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಕಾಲೇಜು ಸ್ಪರ್ಧೆಗಳಲ್ಲಿ ತೊದಲುವ ಪಾತ್ರ ಬಂದರೆ ಏನಾಗುತ್ತದೆ ಗೊತ್ತಲ್ವಾ? ಅವನು ತೊದಲುತ್ತಾನೆ, ಜನ ನಗುತ್ತಾರೆ. ಮತ್ತೆ ತೊದಲುತ್ತಾನೆ, ಮತ್ತೆ ನಗುತ್ತಾರೆ. ಅದರಲ್ಲಿ ಬರವಣಿಗೆಯೇ ಇಲ್ಲ. ಇಲ್ಲಿಯದೇ ಒಂದು ತಂಡದಲ್ಲಿ, ನಿಜವಾಗಿಯೂ ತೊದಲುವ ಒಬ್ಬ ಹುಡುಗ ತಾನೇ ಒಂದು ಸ್ಕಿಟ್ ಬರೆದು ತಂದ. ಹಾಸ್ಟೆಲ್ ಅರ್ಜಿಯ ಕೌಂಟರು. ಒಳಗೆ ಆತುರದ ಗುಮಾಸ್ತ, ಹೊರಗೆ ಈ ಹುಡುಗ.

"ಹೆಸರು?"

"ಮಂ... ಮಂ... ಮಂಜು..."

"ಮಂಜುಳಾ. ಬರ್ಕೊಂಡೆ. ಮುಂದೆ?"

"ಅ... ಅಲ್ಲ... ಅಲ್ಲ..."

"ಅಲ್ಲಮಪ್ರಭು. ತಂದೆ ಹೆಸರು ಆಯ್ತು. ಊರು?"

"ನೀ... ನೀವು..."

"ನೀರ್ಥಡಿ. ನಮ್ಮತ್ತೆ ಊರೇ ಕಣಮ್ಮ, ಮೊದಲೇ ಹೇಳಬಾರದಾ!"

ಹುಡುಗನಿಗೆ ಲೇಡೀಸ್ ಹಾಸ್ಟೆಲಿನಲ್ಲಿ ರೂಮು ಸಿಗುವವರೆಗೂ ಇದು ಹೋಗುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಯಾರನ್ನು ನೋಡಿ? ಗುಮಾಸ್ತನನ್ನು ನೋಡಿ. ಎರಡು ಕ್ಷಣ ತಾಳ್ಮೆ ಇಲ್ಲದೆ ಬೇರೆಯವರ ಮಾತನ್ನು ತಾನೇ ಮುಗಿಸುವ ಆ ಗುಣವನ್ನು ನೋಡಿ. ತೊದಲುವವರ ಜೊತೆ ನಾವೆಲ್ಲ ಮಾಡುವುದು ಅದನ್ನೇ. ತೊದಲು ಅಷ್ಟೇ ಇದೆ, ಒಂದು ಅಕ್ಷರವೂ ಕಡಿಮೆಯಾಗಿಲ್ಲ. ಆದರೆ ಈ ಸಲ ಮಾತಾಡುವ ಸರದಿ ಅವನದು.

ಸುಪ್ರೀಂ ಕೋರ್ಟು ಕೂಡ 2024ರ ಜುಲೈನಲ್ಲಿ ಇಂಥದ್ದೇ ಒಂದು ವ್ಯತ್ಯಾಸ ಮಾಡಿತು. ಒಂದು ಹಿಂದಿ ಸಿನಿಮಾದಲ್ಲಿ ವಿಕಲಚೇತನರನ್ನು ತೋರಿಸಿದ ರೀತಿ ಸರಿಯಿಲ್ಲ ಅಂತ ನಿಪುಣ್ ಮಲ್ಹೋತ್ರಾ ಅನ್ನುವವರು ಕೋರ್ಟಿಗೆ ಹೋಗಿದ್ದರು. ಅವರೂ ಗಾಲಿಕುರ್ಚಿ ಬಳಸುವವರು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಎರಡು ಬಗೆಯ ಹಾಸ್ಯವನ್ನು ಬೇರೆ ಮಾಡಿತು. ವೈಕಲ್ಯದ ಬಗ್ಗೆ ಜನ ಇಟ್ಟುಕೊಂಡಿರುವ ತಪ್ಪು ಕಲ್ಪನೆಯನ್ನು ಅಲುಗಾಡಿಸುವ ಹಾಸ್ಯ ಒಂದು. ವಿಕಲಚೇತನರನ್ನೇ ಕುಗ್ಗಿಸುವ ಹಾಸ್ಯ ಇನ್ನೊಂದು. ಕೋರ್ಟು ಸಿನಿಮಾ ನಿಲ್ಲಿಸಲಿಲ್ಲ. ಅವರನ್ನು ಪರದೆಯ ಮೇಲೆ ಹೇಗೆ ತೋರಿಸಬೇಕು, ತೋರಿಸುವಾಗ ಅವರನ್ನೂ ಒಳಗೊಳ್ಳಬೇಕು ಅಂತ ಮಾರ್ಗಸೂಚಿ ಕೊಟ್ಟಿತು. ಅದು ಸರಿಯಾದ ದಾರಿ ಅಂತ ನನಗೆ ಅನ್ನಿಸುತ್ತದೆ.

ಕಾನೂನಿನ ಮಾತು ಬಂತು, ಚಿಕ್ಕದಾಗಿ ಮುಗಿಸುತ್ತೇನೆ. ಧಾರ್ಮಿಕ ಭಾವನೆಗೆ ಧಕ್ಕೆ ಅಂತ ಕೇಸು ಹಾಕುವ, ಹಳೆಯ ಭಾರತೀಯ ದಂಡ ಸಂಹಿತೆಯ 295ಎ ಕಲಮು 1927ರಲ್ಲಿ ಬ್ರಿಟಿಷರು ತಂದದ್ದು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು. ಶಿಕ್ಷೆ ಮೂರು ವರ್ಷದವರೆಗೆ. ಆದರೆ ಬೇಕಂತಲೇ, ಕೆಟ್ಟ ಉದ್ದೇಶದಿಂದ ಮಾಡಿರಬೇಕು ಅಂತ ಅದರಲ್ಲೇ ಬರೆದಿದೆ. ಗೊತ್ತಿಲ್ಲದೆ ಆದದ್ದು, ಅಜಾಗರೂಕತೆಯಿಂದ ಆದದ್ದು ಇದರೊಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 1957ರಲ್ಲೇ ಹೇಳಿದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರ ಎದುರು ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. "ತಮಾಷೆಗೆ ಅಂದೆ" ಅನ್ನುವುದು ಅಲ್ಲಿ ನಿಮ್ಮ ರಕ್ಷಣೆಗೆ ಬರುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಈ ಕಾಯ್ದೆ ಬೇಕೇ ಬೇಕು. ತಲೆತಲಾಂತರದಿಂದ ಬಾಯಿ ಮುಚ್ಚಿಸಿಕೊಂಡವರಿಗೆ ಅದು ಬಾಯಿ ಕೊಟ್ಟಿದೆ.

ನಾನು ಹೇಳುವ ಲೆಕ್ಕ ನಗಿಸುವವನನ್ನು ಮಾತ್ರ ಕಟ್ಟಿಹಾಕುವುದಲ್ಲ. ನೋವಾಯಿತು ಅನ್ನುವವನಿಗೂ ಅದು ಅನ್ವಯಿಸುತ್ತದೆ. ಮುನಾವರ್ ಫಾರೂಕಿ ಅನ್ನುವ ಹಾಸ್ಯಗಾರನನ್ನು, ಧಾರ್ಮಿಕ ಭಾವನೆಗೆ ಧಕ್ಕೆ ತಂದ ಅನ್ನುವ ದೂರಿನ ಮೇಲೆ, 2021ರ ಜನವರಿ 1ರಂದು ಇಂದೋರಿನ ಕಾರ್ಯಕ್ರಮದಿಂದ ಪೊಲೀಸರು ಕರೆದುಕೊಂಡು ಹೋದರು. ಹೈಕೋರ್ಟಿನಲ್ಲಿ ಜಾಮೀನು ಸಿಗಲಿಲ್ಲ. ಫೆಬ್ರವರಿ 5ಕ್ಕೆ ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಟ್ಟಿತು. ಒಂದು ತಿಂಗಳಿಗೂ ಜಾಸ್ತಿ ಜೈಲು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಅವನ ಕಾರ್ಯಕ್ರಮ ರದ್ದಾಯಿತು. ಕಾನೂನು ಸುವ್ಯವಸ್ಥೆಗೆ ತೊಂದರೆ ಅಂತ ಪೊಲೀಸರೇ ಸಂಘಟಕರಿಗೆ ಪತ್ರ ಕೊಟ್ಟಿದ್ದರು. ಅವನ ಹಾಸ್ಯ ನಿಮಗೆ ಇಷ್ಟವೋ ಇಲ್ಲವೋ ಅದು ಬೇರೆ ಮಾತು. ಅವನನ್ನು ವಿರೋಧಿಸಿದವರಿಗೆ ಸಂಘಟನೆ ಇತ್ತು, ಮೈಕು ಇತ್ತು, ಟಿ.ವಿ. ಇತ್ತು. ಉತ್ತರ ಕೊಡುವ ದಾರಿ ನೂರಿತ್ತು. ಉತ್ತರ ಕೊಡಬಲ್ಲವರು ಬಾಯಿ ಮುಚ್ಚಿಸುವುದನ್ನು ಆರಿಸಿಕೊಂಡರೆ, ಗೆರೆ ದಾಟಿದವರು ಅವರು.

ಮೊಬೈಲ್ ಬಂದಮೇಲೆ ಇದೆಲ್ಲ ಇನ್ನೂ ಗೋಜಲಾಗಿದೆ. ನಮ್ಮದು ನಡು ಕರ್ನಾಟಕ. ಇಲ್ಲಿ ಹುಬ್ಬಳ್ಳಿ ಮಾತೂ ಕಿವಿಗೆ ಬೀಳುತ್ತದೆ, ಮೈಸೂರು ಮಾತೂ ಬೀಳುತ್ತದೆ. ಇಬ್ಬರೂ ಸಭೆಯಲ್ಲಿರುವಾಗ ಇಬ್ಬರ ಮಾತನ್ನೂ ಅಣಕಿಸಿದರೆ ಅದು ಬೀಗರ ಹಾಡಿನ ಹಾಗೆ ನಡೆದುಹೋಗುತ್ತದೆ. ಅದರಲ್ಲಿ ಒಂದು ತುಂಡನ್ನು ಮಾತ್ರ ಕತ್ತರಿಸಿ ರೀಲ್ ಮಾಡಿ ಬಿಟ್ಟರೆ, ಸಂಜೆಯೊಳಗೆ ಅದು ಕಲಬುರಗಿ ತಲುಪಿರುತ್ತದೆ. ಅಲ್ಲಿಯವರಿಗೆ ಕಾಣುವುದು ತಮ್ಮನ್ನು ಆಡಿಕೊಂಡ ಅರ್ಧ ನಿಮಿಷ. ಅವರ ಸರದಿಯ ಭಾಗ ಕತ್ತರಿಯಲ್ಲಿ ಹೋಗಿದೆ. ಆಮೇಲೆ ಟ್ರೋಲ್ ಪೇಜುಗಳು ಒಬ್ಬನ ಮೇಲೆ ಸಾವಿರಾರು ಜನರನ್ನು ಹರಿಯಬಿಡುತ್ತವೆ. ಅದನ್ನು ತಿರುಗಿ ಹೇಳುವುದು ಅನ್ನಲಾಗದು. ಅಲ್ಲಿ ಅವನ ಬಾಯಿ ಮುಚ್ಚಿತು. ನಿಮ್ಮ ಸ್ಕಿಟ್ಟನ್ನು ಹಾಕುವುದಾದರೆ ಪೂರ್ತಿ ಹಾಕಿ, ತುಂಡು ಮಾಡಿ ಹಾಕಬೇಡಿ.

ಉಪನ್ಯಾಸ ಮುಗಿದ ಮೇಲೆ ಇಲ್ಲಿಯ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಬಹಳ ಉಪಯುಕ್ತವಾದದ್ದು. ಅದನ್ನೂ ಇದರಲ್ಲಿ ಸೇರಿಸುತ್ತಿದ್ದೇನೆ. "ನಾವು ಆಡುತ್ತಿರುವಾಗಲೇ ಯಾರೋ ಎದ್ದು ನಿಂತು, ಇದು ತಪ್ಪು ಅಂದರೆ ಏನು ಮಾಡಬೇಕು ಸರ್?"

ಅಲ್ಲಿಯೇ ನಿಲ್ಲಿಸಿ ಅಂದೆ. ದೀಪ ಹಾಕಿಸಿ, ಮೈಕು ಅವರ ಕೈಗೆ ಕೊಡಿ. ಪೂರ್ತಿ ಹೇಳಲಿ, ನಡುವೆ ಬಾಯಿ ಹಾಕಬೇಡಿ. ಅವರು ಹೇಳಿದ್ದು ಸರಿ ಅನ್ನಿಸಿದರೆ ಆ ಸಾಲು ಬಿಟ್ಟು ಮುಂದುವರಿಸಿ. ಸರಿಯಲ್ಲ ಅನ್ನಿಸಿದರೆ ಯಾಕೆ ಅಂತ ಅದೇ ಮೈಕಿನಲ್ಲಿ ಹೇಳಿ, ಅದೇ ಸಾಲಿನಿಂದ ಮತ್ತೆ ಶುರು ಮಾಡಿ. ಹೆದರಿಕೊಂಡು ಸುಮ್ನೆ ಕ್ಷಮೆ ಕೇಳುವುದು ಬೇಡ. ಅವರನ್ನು ಗೇಲಿ ಮಾಡಿ ಕೂರಿಸುವುದೂ ಬೇಡ. ಆದರೆ ಮೈಕು ಕೊಟ್ಟರೂ ತೆಗೆದುಕೊಳ್ಳದೆ, ಹತ್ತು ಜನ ಬಂದು ಸ್ಟೇಜ್ ಹತ್ತಿ ವೈರು ಕೀಳುತ್ತಾರಲ್ಲ, ಅದಕ್ಕೆ ಬೇರೆ ತಯಾರಿ ಬೇಕು. ಕಾರ್ಯಕ್ರಮಕ್ಕೆ ವಾರ ಮುಂಚೆಯೇ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಬಂದೋಬಸ್ತ್ ಕೇಳಿ, ಸ್ವೀಕೃತಿ ಹಾಕಿಸಿಕೊಂಡು ಬನ್ನಿ. ಅಂಥ ಗಲಾಟೆಯಾದಾಗ ಪೊಲೀಸರ ಕೆಲಸ ಕಾರ್ಯಕ್ರಮ ನಡೆಸಿಕೊಡುವುದು, ನಿಲ್ಲಿಸುವುದಲ್ಲ. ಸಂಘಟಕರು ಆ ಹೊತ್ತಿನಲ್ಲಿ ಕಲಾವಿದರನ್ನು ಒಂಟಿಯಾಗಿ ಬಿಟ್ಟು ಹಿಂದಿನ ಬಾಗಿಲಿನಿಂದ ಹೋಗಬಾರದು. ಸ್ಟೇಜಿನ ಮೇಲೆ ಅವರ ಪಕ್ಕದಲ್ಲೇ ಬಂದು ನಿಲ್ಲಬೇಕು.